ಮಧ್ಯಾಹ್ನ ಸಡಿಲವಾಗುವ ಸ್ಟೇರಿಂಗು

ಟೈ ರಾಡಿನ ತುದಿ ಸವೆದಿರಬಹುದು. ಬಾಲ್ ಜಾಯಿಂಟ್ ಹೋಗಿರಬಹುದು. ಸ್ಟೇರಿಂಗ್ ಬಾಕ್ಸಿನ ಹಲ್ಲು ಉದುರಿರಬಹುದು. ಮುಂದಿನ ಗಾಲಿಯ ಬೇರಿಂಗು, ಬುಷ್ಷು, ನಟ್ಟು, ಗಾಳಿ, ಅಲೈನ್‌ಮೆಂಟು, ಇವುಗಳಲ್ಲಿ ಯಾವುದಾದರೂ ಒಂದು, ಇಲ್ಲವೇ ಎಲ್ಲವೂ ಮಾತಾಡಿಕೊಂಡು ಒಟ್ಟಿಗೇ ಕೈಕೊಟ್ಟಿರಬಹುದು. ಇಲಿ ಏನನ್ನೋ ಕಡಿದಿರಬಹುದು. ಕಾರಿಗೆ ಏನೂ ಆಗದೆ ನನ್ನ ಕೈಯ ನರಕ್ಕೇ ಏನೋ ಆಗಿರಬಹುದು. ಅಥವಾ, ಇದೇ ನನಗೆ ಹೆಚ್ಚು ನಂಬಿಕೆ ಬಂದ ಕಾರಣ, ಭದ್ರಾವತಿಯಲ್ಲಿರುವ ನನ್ನ ಬಾಮೈದ ಕಾರನ್ನು ಎಲ್ಲೋ ಗುದ್ದಿಸಿ, ಬಾಯಿ ಮುಚ್ಚಿಕೊಂಡು ತಂದು ನಿಲ್ಲಿಸಿರಬಹುದು.

ಹೊಳಲೂರಿನಲ್ಲಿ ಅವನ ಹೆಂಡತಿಯ ಕಡೆಯವರ ನಿಶ್ಚಿತಾರ್ಥವಿತ್ತು. ಹಿರಿಯರನ್ನು ಕರೆದುಕೊಂಡು ಹೋಗಬೇಕೆಂದು ನಮ್ಮ ಕಾರು ಕೇಳಿದ. ಕೊಟ್ಟೆ. ಸಂಜೆ ರವೀಂದ್ರನಗರದ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದಾಗ ಕಾರು ತೊಳೆಸಿಕೊಂಡು ಬಂದಿದ್ದ. ಒಳಗೆಲ್ಲ ಒರೆಸಿ ಹೊಳೆಯುವಂತೆ ಮಾಡಿದ್ದ. ನನ್ನ ಹೆಂಡತಿಗೆ ತಮ್ಮನ ಮೇಲೆ ಅಭಿಮಾನ ಉಕ್ಕಿ ಬಂತು. ನನಗೆ ಅನುಮಾನ ಬಂತು. ಎರವಲು ತಂದ ಗಾಡಿಯನ್ನು ಯಾರಾದರೂ ಕಾರಣವಿಲ್ಲದೆ ತೊಳೆದುಕೊಡುತ್ತಾರೆಯೇ?

ಮರುದಿನ ಮಧ್ಯಾಹ್ನ ಪೇಟೆಯಿಂದ ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದೆ. ನನ್ನ ಕೈ ತಿರುಗಿತು. ಕಾರು ಒಂದು ಕ್ಷಣ ಯೋಚಿಸಿ ಆಮೇಲೆ ತಿರುಗಿತು.

ಹಳೆಯ ಕಾರು ನಿಜ. ಆದರೆ ನಾನು ಅದನ್ನು ಹಳೆಯದಾಗಲು ಬಿಟ್ಟವನಲ್ಲ. ಹೊಸ ವಸ್ತುವಿನ ಹೊದಿಕೆ ಕೀಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಟಿವಿಯ ರಿಮೋಟು ಇಂದಿಗೂ ಪ್ಲಾಸ್ಟಿಕ್ ಚೀಲದೊಳಗಿದೆ. ಸೋಫಾಕ್ಕೆ ಕವರು, ಕವರು ಕೊಳೆಯಾಗದಿರಲೆಂದು ಅದರ ಮೇಲೊಂದು ಬೆಡ್‌ಶೀಟು. ಕಾರಿನ ಸೀಟುಗಳ ಪ್ಲಾಸ್ಟಿಕ್ಕಂತೂ ಬಂದವರೆಲ್ಲ ಕೂತು ಕಿರಗುಟ್ಟಿಸಿ, ತಾನಾಗಿಯೇ ಹರಿದುಹೋಗುವವರೆಗೆ ಇತ್ತು. ಇಷ್ಟು ಜೋಪಾನ ಮಾಡಿದ ಕಾರಿನ ಸ್ಟೇರಿಂಗು ಹೊಳಲೂರಿಗೆ ಹೋಗಿಬಂದ ಕೂಡಲೇ ಸಡಿಲವಾದರೆ ಯಾರನ್ನು ಕೇಳಬೇಕು?

ಸುಮ್ಮನಿರುವ ಹಾಗೂ ಇರಲಿಲ್ಲ. ಮಗಳಿಗೆ ಭದ್ರಾವತಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರದಿಂದ ಈ ಕಾರನ್ನು ಅವಳೇ ಓಡಿಸಿಕೊಂಡು ಹೋಗಿಬರುವುದೆಂದು ಮಾತಾಗಿತ್ತು. ಆ ಹೈವೇಯಲ್ಲಿ, ಲಾರಿಗಳ ನಡುವೆ, ಯೋಚಿಸಿ ತಿರುಗುವ ಕಾರಿನಲ್ಲಿ ಅವಳನ್ನು ಹೇಗೆ ಕಳಿಸುವುದು?

"ಸ್ಟೇರಿಂಗ್ ಯಾಕೋ ಆಡ್ತಾ ಇದೆ ಪುಟ್ಟಿ," ಎಂದೆ.

"ಲೈಸೆನ್ಸ್ ಬಂದಾಗ ಬ್ರೇಕ್ ಸರಿ ಇಲ್ಲ ಅಂದೆ. ಈಗ ಕೆಲಸ ಸಿಕ್ತು, ಸ್ಟೇರಿಂಗ್ ಅಂತೀಯ," ಎಂದಳು ಮಗಳು. "ಕಾರು ಕೊಡಲ್ಲ ಅಂತ ನೆಟ್ಟಗೆ ಹೇಳಿಬಿಡಪ್ಪ. ನಾನು ಬಸ್ಸಲ್ಲಿ ಹೋಗ್ತೀನಿ."

"ಅಯ್ಯೋ, ನಿಮ್ಮಪ್ಪಂಗೆ ಅನುಮಾನ ಇಲ್ದಿದ್ರೆ ಉಂಡಿದ್ದು ಅರಗಲ್ಲ ಮಾರಾಯ್ತಿ," ಎಂದು ಒಳಗಿನಿಂದ ಹೆಂಡತಿಯ ದನಿ ಬಂತು.

ಹಾಗೆ, ನಾನು ಬಾಮೈದನನ್ನು ಅನುಮಾನಿಸುತ್ತಿದ್ದರೆ ಮಗಳು ನನ್ನನ್ನೇ ಅನುಮಾನಿಸುತ್ತಿದ್ದಳು.

ಬೆಳಿಗ್ಗೆ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ಕು ಗಟ್ಟಿ ದನಿಯ ಆಸಾಮಿ. ಜಾಕ್ ಏರಿಸಿ ಮುಂದಿನ ಗಾಲಿಗಳನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ, ಅಕ್ಕಪಕ್ಕ ಹಿಡಿದು ಅಲ್ಲಾಡಿಸಿದ, ಅಡಿಗೆ ನುಸುಳಿ ಟಾರ್ಚು ಬಿಟ್ಟು ನೋಡಿದ. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನವುಲೆಯ ಕಡೆ ಓಡಿಸಿದ. ಸ್ಟೇರಿಂಗಿನ ನಡುವಿನ ಕಡ್ಡಿಗೆ ಎರಡು ಬೆರಳು ಸಿಕ್ಕಿಸಿಕೊಂಡು, ಇನ್ನೊಂದು ಕೈಯನ್ನು ಕಿಟಕಿಯಾಚೆ ಇಳಿಬಿಟ್ಟು ಓಡಿಸುವುದು ಅವನ ಶೈಲಿ. ದಂತವೈದ್ಯರ ಕುರ್ಚಿ ಕಂಡ ಹಲ್ಲುನೋವಿನಂತೆ ಕಾರು ಸಭ್ಯವಾಗಿ ವರ್ತಿಸಿತು. ನಾನೇ ಓಡಿಸಿ ನೋಡಿದೆ. ಆ ತಂಪು ಹೊತ್ತಿನಲ್ಲಿ ನನಗೂ ಏನೂ ಗೊತ್ತಾಗಲಿಲ್ಲ.

"ಗಾಡಿ ಪಕ್ಕಾ ಇದೆ ಸಾರ್. ಎಲ್ಲೂ ಆಟ ಇಲ್ಲ."

"ಎಲ್ಲಾದ್ರೂ ಗುದ್ದಿದ ಗುರುತು?"

"ಯಾರು ಗುದ್ದಿದ್ದು?"

"ಯಾರೂ ಇಲ್ಲ. ಸುಮ್ನೆ ಕೇಳ್ದೆ."

"ಮನೆಗೆ ಹೋಗಿ ಆರಾಮಾಗಿ ಮಲಗಿ ಸಾರ್. ಏನಾದ್ರೂ ಲೂಸ್ ಇದ್ರೆ ಅದು ಗಾಡೀಲಲ್ಲ."

ದೋಷವಿದೆ ಎನ್ನುವ ಮೆಕ್ಯಾನಿಕ್ಕನ್ನು ಕಂಡರೆ ನನಗೆ ಅರ್ಧ ಭಯ, ದೋಷವಿಲ್ಲ ಎನ್ನುವವನನ್ನು ಕಂಡರೆ ಪೂರ್ತಿ. ಅಂದು ಮಧ್ಯಾಹ್ನ, ಬಿಸಿಲಿಗೆ ನಿಂತಿದ್ದ ಕಾರು ತೆಗೆದರೆ ಮತ್ತೆ ಅದೇ ಕಥೆ, ಕೈ ಮುಂದೆ, ಕಾರು ಹಿಂದೆ. ಆಗ ನೆನಪಾಯಿತು: ಈ ಮೆಕ್ಯಾನಿಕ್ಕನ್ನು ನನಗೆ ತೋರಿಸಿಕೊಟ್ಟವನೇ ಬಾಮೈದ.

ಭಾನುವಾರ ಮೂವರೂ ಭದ್ರಾವತಿಗೆ ಹೊರಟೆವು. ಮಗಳ ಶಾಲೆಯ ದಾರಿ ನೋಡಿಕೊಂಡು ಬರುವುದು ಎಂಬುದು ಹೇಳಿಕೆ. ನನ್ನ ಉದ್ದೇಶ ಬೇರೆ. ಬಾಮೈದನ ಮನೆ ಮುಂದೆ, ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಬಯಲಿನಲ್ಲಿ ಕಾರು ನಿಲ್ಲಿಸಿದೆ. ಉಳಿದವರು ಒಳಗೆ ಹೋದರು. ನಾನು ಮಂಡಿಯೂರಿ ಬಂಪರಿನ ಅಡಿಗೆ ತಲೆ ಹಾಕಿದೆ.

"ಏನು ಬಿತ್ತು ಭಾವ?" ಬಾಮೈದ ಹಿಂದೆಯೇ ನಿಂತಿದ್ದ.

"ಏನಿಲ್ಲ." ಎದ್ದು ಮಂಡಿ ಕೊಡವಿಕೊಂಡೆ. "ಹೊಳಲೂರು ರಸ್ತೆ ಹೇಗಿತ್ತು?"

"ಚೆನ್ನಾಗೇ ಇತ್ತು."

"ಗುಂಡಿ ಗಿಂಡಿ?"

"ಅಲ್ಲೊಂದು ಇಲ್ಲೊಂದು ಇತ್ತಪ್ಪ. ನೀವು ಕೇಳೋದು ನೋಡಿದ್ರೆ ನಾನೇ ತೋಡಿಬಂದ ಹಾಗಿದೆ."

"ಕಾರು ತೊಳೆಸಿದ್ಯಲ್ಲ, ಯಾಕೆ?"

ಅವನು ನನ್ನ ಮುಖ ನೋಡಿದ, ಬಂಪರು ನೋಡಿದ. ಅರ್ಥವಾಯಿತು.

"ಧೂಳಾಗಿತ್ತು. ಹಾಗೇ ಕೊಟ್ರೆ ಅಕ್ಕ ಬೈತಾಳೆ ಅಂತ ತೊಳೆಸಿದೆ. ಅದಕ್ಕೂ ಹಿಂಗಾ? ಇನ್ಮೇಲೆ ನಿಮ್ಮ ಕಾರು ಮುಟ್ಟಲ್ಲ ಬಿಡಿ ಭಾವ."

ಊಟಕ್ಕೆ ಹೋಳಿಗೆ ಮಾಡಿದ್ದರು. ಬಾಮೈದ ನನ್ನ ಎಲೆಗೆ ತಾನೇ ತುಪ್ಪ ಬಡಿಸಿದ, ಆದರೆ "ಸಾಕಾ?" ಎಂದು ಕೇಳಲಿಲ್ಲ. ತುಪ್ಪ ಹರಿದು ಪಲ್ಯಕ್ಕೆ ಸೇರಿತು. ಹೆಂಡತಿ ನನ್ನನ್ನು ನೋಡುತ್ತಿದ್ದ ರೀತಿಯಲ್ಲೇ ವಾಪಸಿನ ದಾರಿ ಹೇಗಿರುತ್ತದೆಂದು ಗೊತ್ತಾಗುತ್ತಿತ್ತು.

ಕೈ ತೊಳೆದ ಮಗಳು ಕಾರಿನ ಕೀಲಿ ಎತ್ತಿಕೊಂಡಳು. "ಬಾರಪ್ಪ, ನೋಡೇಬಿಡೋಣ. ನೀನು ಗಾಲಿ ಹತ್ರ ಕೂತ್ಕೊ. ಮಾಮ, ನೀನೂ ಬಾ, ಸಾಕ್ಷಿಗೆ."

ಕಾರು ಬಿಸಿಲಿನಲ್ಲಿ ಕಾದು ಕೆಂಡವಾಗಿತ್ತು. ಅವಳು ಇಂಜಿನ್ ಚಾಲೂ ಮಾಡಿದಳು. ನಾನು ಮುಂದಿನ ಗಾಲಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತೆ.

"ತಿರುಗಿಸ್ದೆ," ಎಂದಳು.

"ತಿರುಗಲಿಲ್ಲ," ಎಂದೆ.

"ಈಗ?"

"ಈಗ ತಿರುಗ್ತು. ಮೊದಲಿಗೆ ತಿರುಗಲಿಲ್ಲ!"

ನನಗಾದ ಸಂತೋಷ ಹೇಳಿಕೊಳ್ಳುವಂಥದ್ದಲ್ಲ. ಮಗಳ ಪ್ರಾಣಕ್ಕೆ ಕುತ್ತಾಗಬಹುದಾದ ದೋಷವೊಂದು ಕಣ್ಣೆದುರು ಸಾಬೀತಾದದ್ದಕ್ಕೆ ನಾನು ಗೆದ್ದವನಂತೆ ಬಾಮೈದನ ಕಡೆ ನೋಡಿದೆ. ಅವನ ಮುಖ ಬಾಡಿತ್ತು. ತಾನೇ ಎಲ್ಲಿ ಗುದ್ದಿಸಿದೆನೋ ಎಂದು ಅವನೂ ನೆನಪು ಕೆದಕುತ್ತಿದ್ದನೇನೋ.

ಕಾರಿನೊಳಗೆ ಮಗಳು ಸ್ಟೇರಿಂಗನ್ನೇ ನೋಡುತ್ತಿದ್ದಳು.

"ಅಪ್ಪ, ಈ ಕವರಿನ ಗಂಟು ಯಾವಾಗಲೂ ಕೆಳಗಡೆ ಇರ್ತಿತ್ತಲ್ವಾ?"

ನಮ್ಮ ಸ್ಟೇರಿಂಗಿಗೆ ಸುತ್ತ ಕಪ್ಪು ರೆಕ್ಸಿನ್ನಿನ ಕವರು ಹೊಲಿಸಿದ್ದೆ. ಹೊಲಿಗೆ ಮುಗಿದ ಗಂಟು ಈಗ ಎಡಗಡೆಗೆ ಬಂದಿತ್ತು. ಅವಳು ನಡುವಿನ ಕಡ್ಡಿ ಹಿಡಿದು ತಿರುಗಿಸಿದಳು, ಗಾಲಿ ಅದೇ ಕ್ಷಣ ತಿರುಗಿತು. ಕವರು ಹಿಡಿದು ತಿರುಗಿಸಿದಳು, ಮೊದಲು ಕವರೊಂದೇ ಜಾರಿತು. ಗಂಟು ಮತ್ತೆ ಅಷ್ಟು ದೂರ ಸರಿಯಿತು.

ಬಾಮೈದ ಒಳಗೆ ಹೋಗಿ ಕತ್ತರಿ ತಂದ. ಮಗಳು ದಾರ ಕತ್ತರಿಸುತ್ತ ಬಂದ ಹಾಗೆ ನನಗೆ ಕವರು ಹೊಲಿಯುವ ಅಂಗಡಿಯವನ ಮುಖ ನೆನಪಿಗೆ ಬರತೊಡಗಿತು. ಆಗ ಕಾರು ಹೊಚ್ಚ ಹೊಸದು. ಅವನು ಏನನ್ನೋ ಕೀಳಲು ಉಗುರು ಹಾಕಿದ್ದ. ನಾನು, "ಏ, ಕೀಳಬೇಡ ಮಾರಾಯ, ಅದರ ಮೇಲೇ ಹೊಲಿ" ಎಂದಿದ್ದೆ.

ಕವರು ಕಳಚಿ ಬಿತ್ತು. ಅದರಡಿ ಇದ್ದದ್ದನ್ನು ಮಗಳು ಸುಲಿದು ನನ್ನ ಕೈಗಿಟ್ಟಳು. ಬಾಮೈದ ಒದ್ದೆ ಬಟ್ಟೆ ತಂದುಕೊಟ್ಟ. ಅವಳು ಒರೆಸಿದ ಮೇಲೆ ಸ್ಟೇರಿಂಗು ಶೋರೂಮಿನಿಂದ ಇದೀಗ ಬಂದಂತಿತ್ತು.

"ಹೊಳಲೂರಿನವರ ಮದುವೆಗೂ ಇದೇ ಕಾರು ತಗೊಂಡು ಹೋಗು," ಎಂದೆ ಬಾಮೈದನಿಗೆ.

"ತೊಳೆಸದೇ ತಂದುಕೊಡ್ತೀನಿ ಬಿಡಿ," ಎಂದ.

ವಾಪಸು ಮಗಳೇ ಓಡಿಸಿದಳು. ಕೀಲಿ ಕೇಳುವ ಧೈರ್ಯ ನನಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತೆ. ತಿರುವು ಬಂದಾಗ ಅವಳ ಕೈಯೂ ಕಾರೂ ಒಟ್ಟಿಗೇ ತಿರುಗುತ್ತಿದ್ದವು. ನನ್ನ ಜೇಬಿನೊಳಗೆ ಬೆರಳಿಗೆ ಸಿಗುತ್ತಿದ್ದದ್ದು, ಬಿಸಿಲಿಗೆ ಹಳದಿಯಾಗಿ, ಹಿಗ್ಗಿ, ಅಂಟಂಟಾದ ಒಂದು ಗೇಣು ಶೋರೂಮ್ ಪ್ಲಾಸ್ಟಿಕ್ಕು.