ಯಾವ ದೀಪಕ್ಕೆ ಕೈ ಮುಗಿಯುವುದು?

ಸಂಜೆ ನಾನು ಹೊಸ ಅಡುಗೆಮನೆಯ ಸ್ವಿಚ್ ಒತ್ತಿದೊಡನೆ, ತಮ್ಮೂರು ಶಾಗ್ಯದಿಂದ ಬಂದಿದ್ದ ನಮ್ಮತ್ತೆ ಚಾವಣಿಯ ದೀಪಕ್ಕೆ ಕೈ ಮುಗಿದರು. ಕಟ್ಟೆಯ ಮೇಲೆ ಇಳಿಬಿಟ್ಟ ಹಳದಿ ಬಲ್ಬುಗಳು ಹತ್ತಿದವು, ಮತ್ತೆ ಮುಗಿದರು. ಕಪಾಟಿನಡಿಯ ಎಲ್‌ಇಡಿ ಪಟ್ಟಿಯೂ ಬೆಳಗಿದಾಗ ಕೈ ಇಳಿಸಿ, "ಇದ್ರೊಳ್ಗೆ ಯಾವ ದೀಪುಕ್ಕೆ ಕೈ ಮುಗೀಲಿ ಕನವ್ವ?" ಎಂದರು. ನಾನು ನಕ್ಕೆ.

ಸೊಪ್ಪು ಹೆಚ್ಚಲು ಈಳಿಗೆಮಣೆ ಹಾಕಿಕೊಂಡು ನೆಲಕ್ಕೆ ಕೂತವರು ಸ್ವಲ್ಪ ಹೊತ್ತಿಗೇ ಎದ್ದು, ಎಲ್ಲ ಎತ್ತಿಕೊಂಡು ನಡುಮನೆಯ ಟ್ಯೂಬ್‌ಲೈಟಿನಡಿಗೆ ಹೊರಟರು. "ನಿಂತೋರ್ಗೆ ಬೆಳ್ಕದ, ಕುಂತೋರ್ಗೆ ಕತ್ಲ ಕನವ್ವ."

ನನಗೆ ಕೋಪವೇ ಬಂತು. ಕೊಳ್ಳೇಗಾಲದ ಅಂಗಡಿಗಳನ್ನೆಲ್ಲ ಸುತ್ತಿ ಆರಿಸಿ ತಂದ ದೀಪಗಳವು! ತಿರುಗಿ ನೋಡಿದರೆ, ಒಲೆಯ ಮುಂದೆ ನಿಂತ ನನ್ನ ನೆರಳು ಅವರು ಕೂತಿದ್ದ ಜಾಗವನ್ನೆಲ್ಲ ನುಂಗಿತ್ತು. ಈಳಿಗೆಗೆ ಬೆರಳು ಸಿಕ್ಕಿದ್ದರೆ?

ಮರುದಿನವೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಆ ಮೂಲೆಯ ಗೋಡೆಗೆ ಒಂದು ಬಿಳಿ ದೀಪ ಹಾಕಿಸಿದೆ. ಸಂಜೆ ಎಲ್ಲವನ್ನೂ ಹಾಕಿದಾಗ ಅತ್ತೆ ಬೇರೆ ಯಾವುದನ್ನೂ ನೋಡದೆ ಅದೊಂದಕ್ಕೇ ಕೈ ಮುಗಿದು, ಮಣೆ ಎಳೆದುಕೊಂಡು ಕೂತರು.

ಅತ್ತೆ ಊರಿಗೆ ಮರಳಿದ್ದಾರೆ. ನಾನೀಗ ಮೊದಲು ಒತ್ತುವುದು ಆ ಮೂಲೆಯ ಸ್ವಿಚ್ಚನ್ನೇ. ಅಲ್ಲಿ ಯಾರೂ ಕೂತಿರುವುದಿಲ್ಲ. ಆದರೂ ನನ್ನ ಕೈಗಳೆರಡೂ ತಾವಾಗಿ ಎದೆಯ ಬಳಿ ಜೋಡಿಯಾಗುತ್ತವೆ.