ಮೆಲುದನಿಯ ಡೆಲ್ಬರ್ಟ್

ಅಮೆರಿಕದ ಮಿಸೌರಿಯ ಗುಡ್ಡದ ಮಗ್ಗುಲಲ್ಲಿದ್ದ ಡೆಲ್ಬರ್ಟನ ಹುಲ್ಲುಗಾವಲಿಗೆ ಶನಿವಾರ ಬಂತೆಂದರೆ ಪೇಟೆಯವರ ಕಾರುಗಳು ಸಾಲುಗಟ್ಟುತ್ತಿದ್ದವು. ಅಂಗಡಿಯ ಮಾಂಸ ಒಲ್ಲದವರು, ಹುಲ್ಲನ್ನಷ್ಟೇ ಮೇಯ್ದ ದನದ ಮಾಂಸವನ್ನು ಸಾಕಿದವನ ಕೈಯಿಂದಲೇ ಒಯ್ಯಬೇಕೆನ್ನುವವರು. ಅವರನ್ನು ಬೇಲಿಯ ಬಳಿ ನಿಲ್ಲಿಸಿಕೊಂಡು ಅವನು, "ಇಲ್ಲಿ ಯಾರೂ ಗಟ್ಟಿಯಾಗಿ ಮಾತಾಡಂಗಿಲ್ಲ ಕಣ್ರೀ. ಬೆದರಿದ ದನದ ಮಾಂಸ ಚಕ್ಕಳ ಆಗ್ಬಿಡ್ತದೆ" ಎನ್ನುತ್ತಿದ್ದ. ಹಸುಗಳನ್ನು "ಬಾ ಪುಟ್ಟಿ, ಬಾ ಬಂಗಾರಿ" ಎಂದು ಕರೆಯುತ್ತಿದ್ದ, ಕೋಲು ಹಿಡಿಯುತ್ತಿರಲಿಲ್ಲ, ನಾಯಿಗೂ ಬೊಗಳಲು ಬಿಡುತ್ತಿರಲಿಲ್ಲ. ಶೆಡ್ಡಿನ ಫ್ರೀಜರಿನಿಂದ ಪೊಟ್ಟಣ ತೆಗೆದುಕೊಡುವ ಅವನ ಹೆಂಡತಿ ನೋರೀನಳಿಗೆ ಗಿರಾಕಿಗಳು, "ಏನು ಪುಣ್ಯ ಮಾಡಿದ್ರಿ! ಎಂಥ ಸಾಧು ಗಂಡ!" ಎನ್ನುತ್ತಿದ್ದರು. ನೋರೀನ್ ನಗುತ್ತಿದ್ದಳು. ಮನೆಯೊಳಗೆ ಕಾಫಿ ಆರಿದ್ದರೆ ಕಿಟಕಿಯ ಗಾಜು ನಡುಗುವಂತೆ ಅರಚುವವನೂ ಇವನೇ. ಅದಕ್ಕೇ ಮದುವೆಯಾದಾಗಿನಿಂದ ಅವಳು ಕೆಟ್ಟ ಸುದ್ದಿಯನ್ನೆಲ್ಲ ದನಗಳ ನಡುವೆ ಹೋಗಿಯೇ ಹೇಳುತ್ತಿದ್ದಳು: ಟ್ರಕ್ಕು ಗುದ್ದಿದ್ದು, ಮಗಳು ಫೇಲಾದದ್ದು, ಎರಡನೆಯ ಬಸಿರು ಇಳಿದುಹೋದದ್ದು. ಅಲ್ಲಾದರೆ ಅವನು ಹಲ್ಲು ಕಚ್ಚಿಕೊಂಡು ಹಸುವಿನ ಬೆನ್ನು ಸವರುತ್ತಿದ್ದ. ಕೊನೆಗೊಂದು ಬೆಳಿಗ್ಗೆ ಪೆಟ್ಟಿಗೆ ಹಿಡಿದುಕೊಂಡು ಅಲ್ಲಿಗೇ ಹೋಗಿ, "ನಮ್ಮಕ್ಕನ ಮನೆಗೆ ಹೋಗ್ತಿದೀನಿ. ಇನ್ನು ಬರಲ್ಲ" ಎಂದಳು. ಅವನ ಮುಖ ಕೆಂಪೇರಿತು, ಕೊರಳ ನರ ಉಬ್ಬಿತು. ಸುತ್ತ ದನಗಳು ನೆಮ್ಮದಿಯಾಗಿ ಮೇಯುತ್ತಿದ್ದವು. "ಗೇಟು ಭದ್ರವಾಗಿ ಹಾಕ್ಕೊಂಡು ಹೋಗು" ಎಂದು ಪಿಸುಗುಟ್ಟಿದ. ದನಗಳದ್ದೇನೂ ತಪ್ಪಿರಲಿಲ್ಲ; ಅವಳು ಗೇಟು ಹಾಕಿಯೇ ಹೋದಳು.