ಚಂದ್ರಪ್ರಭಾ ರುಚಿ ನೋಡದ ಅಡುಗೆ

ಸಿಡ್ನಿಯ ರೌಸ್ ಹಿಲ್‌ನಲ್ಲಿ ನಮ್ಮ ಹಿಂದಿನ ಬೀದಿಯ ಚಂದ್ರಪ್ರಭಾಳಷ್ಟು ಚೆನ್ನಾಗಿ ಕರುವಿನ ಮಾಂಸ ಬೇಯಿಸುವವರು ನಮ್ಮ ಕನ್ನಡದವರಲ್ಲಿ ಇನ್ನೊಬ್ಬರಿಲ್ಲ. ಆದರೆ ಅವಳು ಅದನ್ನು ಒಂದು ಚೂರೂ ಬಾಯಿಗಿಟ್ಟವಳಲ್ಲ. ದಾವಣಗೆರೆಯ ಲಿಂಗಾಯತರ ಮನೆಯ ಹುಡುಗಿ. ಮೊಟ್ಟೆ ಒಡೆಯುವುದನ್ನೂ ಸಿಡ್ನಿಗೆ ಬಂದ ಮೇಲೆಯೇ ಕಲಿತದ್ದು.

ತಿನ್ನುವವನು ಅವಳ ಗಂಡ ಗುರುದತ್ತ, ಮೈಸೂರಿನ ವೈದಿಕರ ಮಗ. ಆಫೀಸಿನ ಪಾರ್ಟಿಯಲ್ಲಿ ಒಮ್ಮೆ ತಿಂದು ನಾಲಿಗೆಗೆ ಹತ್ತಿತು. ಹೋಟೆಲಿನಲ್ಲಿ ತಿಂದರೆ ಕನ್ನಡ ಸಂಘದವರ ಕಣ್ಣಿಗೆ ಬೀಳುತ್ತೇನೆಂಬ ಹೆದರಿಕೆ. ಅದಕ್ಕೇ ಮನೆಯಲ್ಲೇ ಆಗಬೇಕು. ಹಸಿ ಮಾಂಸ ಮಾತ್ರ ಮಹಾನುಭಾವ ಮುಟ್ಟುವುದಿಲ್ಲ, ಮೈಲಿಗೆಯಂತೆ! ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊಬೈಲಿನ ವಿಡಿಯೋ ನೋಡಿ ಅವನು ಹೇಳಬೇಕು, ಅವಳು ಮಾಡಬೇಕು.

ಮೊದಲ ಸಲ ತುಂಡನ್ನು ಲಟ್ಟಣಿಗೆಯಿಂದ ಬಡಿಯುತ್ತಿದ್ದವಳು ಸಿಂಕಿಗೆ ಓಡಿ ವಾಂತಿ ಮಾಡಿದಳಂತೆ. ಆಮೇಲೆ ಕೈ ಪಳಗಿತು. ತೆಳ್ಳಗೆ ಬಡಿದು, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕರಿಯುವಳು. ಮೂಳೆಯ ತುಂಡಾದರೆ ಟೊಮ್ಯಾಟೊ ಹಾಕಿ ಎರಡು ಗಂಟೆ ಸಣ್ಣ ಉರಿಯಲ್ಲಿ ಬೇಯಿಸುವಳು. ಉಪ್ಪೆಲ್ಲ ಕಣ್ಣಂದಾಜು. ಒಂದು ದಿನ ಅದು ಹೆಚ್ಚಾಗಿತ್ತು. ಅವನು ನನ್ನೆದುರಿಗೇ ತಟ್ಟೆ ತಳ್ಳಿದ.

"ಒಂಚೂರು ರುಚಿ ನೋಡಿದ್ರೆ ಸತ್ತುಹೋಗ್ತಿದ್ಯಾ?"

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಪ್ರತಿ ಸಲವೂ ಅವನಿಗೆ ಬಡಿಸಿ, ತಲೆಗೆ ಸ್ನಾನ ಮಾಡಿ, ಆಮೇಲೆ ಒಂದಿಷ್ಟು ಮೊಸರನ್ನ ಉಣ್ಣುವಳು. ಇವನನ್ನು ಯಾಕೆ ಸಹಿಸಿಕೊಳ್ಳುತ್ತೀಯೆಂದು ನಾನು ರೇಗಿದೆ.

"ಅತ್ತೆ ಒಂದ್ಸಲ ನನ್ನನ್ನ ಸೊಸೆ ಅಂತ ಒಪ್ಕೊಂಡ್ರೆ ಸಾಕು ಕಣೆ. ಇವರನ್ನ ಎದುರು ಹಾಕ್ಕೊಂಡ್ರೆ ಅದು ಆಗುತ್ತಾ?"

ಬೇರೆ ಜಾತಿಯವಳೆಂದು ಅತ್ತೆ ಪುಟ್ಟಮ್ಮ ಹನ್ನೆರಡು ವರ್ಷ ಅವಳ ಕೈಯಿಂದ ನೀರೂ ಕುಡಿದಿರಲಿಲ್ಲ.

ಕಳೆದ ಗೌರಿ ಹಬ್ಬಕ್ಕೆ ಅದೇ ಪುಟ್ಟಮ್ಮ ಮೈಸೂರಿನಿಂದ ಬಂದರು. ಈ ಸಲ ಸೊಸೆಯ ಕೈಯಲ್ಲೇ ಪೂಜೆ ಮಾಡಿಸುತ್ತೇನೆಂದು ಫೋನಿನಲ್ಲೇ ಹೇಳಿದ್ದರು. ಚಂದ್ರಪ್ರಭಾಳ ಕಾಲು ನೆಲದ ಮೇಲಿರಲಿಲ್ಲ. ಮಾಂಸವನ್ನೆಲ್ಲ ಎಸೆದು ಫ್ರಿಜ್ ಉಜ್ಜಿ ಉಜ್ಜಿ ತೊಳೆದಳು. ಆ ಹೊಟ್ಟೆಬಾಕನಿಗೆ ಹತ್ತು ದಿನ ತಡೆಯಲಾಗಲಿಲ್ಲ! ಒಂದು ಪ್ಯಾಕೆಟ್ ತಂದು ಫ್ರೀಜರಿನಲ್ಲಿ ತೆಂಗಿನ ತುರಿಯ ಕೆಳಗೆ ಬಚ್ಚಿಟ್ಟ. ಹಬ್ಬದ ಬೆಳಿಗ್ಗೆ ಕಾಯಿ ಒಬ್ಬಟ್ಟಿಗೆಂದು ತುರಿ ತೆಗೆಯಲು ಹೋದ ಪುಟ್ಟಮ್ಮನ ಕೈಗೇ ಅದು ಸಿಕ್ಕಿತು. ಸಹಾಯಕ್ಕೆಂದು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಏನೋ ಇದು, ಗುರು?"

ಅವನು ಹೆಂಡತಿಯ ಮುಖ ನೋಡಿದ. "ಕರುವಿನ ಮಾಂಸ ಅಮ್ಮ. ಇವಳಿಗೆ ಚಟ ಹತ್ಬಿಟ್ಟಿದೆ. ಎಷ್ಟು ಬೈದ್ರೂ ಬಿಡಲ್ಲ."

ಚಂದ್ರಪ್ರಭಾ ನನ್ನ ಕೈ ಹಿಡಿದುಕೊಂಡಳು. "ನಿಂಗೆ ಗೊತ್ತಲ್ವೇನೇ? ನೀನಾದ್ರೂ ಹೇಳೇ."

ನನ್ನ ಗಂಡನಿಗೆ ಕೆಲಸ ಗುರುದತ್ತನ ಕೈಕೆಳಗೆ. ಎಲ್ಲರಿಗೂ ಬುದ್ಧಿ ಹೇಳುವ ನನ್ನ ಬಾಯಿಗೆ ಆಗಲೇ ಬೀಗ ಬೀಳಬೇಕೆ, ಥೂ! ನಾನು ಕೈ ಬಿಡಿಸಿಕೊಂಡೆ.

ಪುಟ್ಟಮ್ಮ ಕೂಗಾಡಲಿಲ್ಲ. "ಪೂಜೆ ಮುಗಿಯೋವರೆಗೂ ಒಳಗೆ ಬರಬೇಡ," ಎಂದು ಸೊಸೆಯನ್ನು ಗ್ಯಾರೇಜಿಗೆ ಕಳಿಸಿ ಬಾಗಿಲು ಹಾಕಿದರು. ರೇಷ್ಮೆ ಸೀರೆ ಉಟ್ಟು, ಹೂವು ಮುಡಿದಿದ್ದವಳು ಕಾರಿನ ಪಕ್ಕ ನಿಂತಳು. ಆಮೇಲೆ ಪುಟ್ಟಮ್ಮ ನನ್ನನ್ನು ಕರೆದರು.

"ಬಾಮ್ಮ, ನೀನು ಕೂತ್ಕೋ."

ಪೂಜೆಗೆ ನಾನೇ ಕೂತೆ. ಕೊನೆಗೆ, ಸೊಸೆಗೆಂದು ತಂದಿದ್ದ ಹಸಿರು ಸೀರೆಯನ್ನು ಮೊರದಲ್ಲಿಟ್ಟು ಪುಟ್ಟಮ್ಮ ನನಗೆ ಬಾಗಿನ ಕೊಟ್ಟರು. ಗ್ಯಾರೇಜಿನಿಂದ ಅವಳ ಅಳು ಕೇಳುತ್ತಿತ್ತು. ನಾನು ಸೆರಗು ಹಿಡಿದು ಬಾಗಿನ ತೆಗೆದುಕೊಂಡು, ಪುಟ್ಟಮ್ಮನ ಕಾಲಿಗೂ ಬಿದ್ದೆ.